ಹಕ್ಕುಪತ್ರ ಮೊದಲು ಕೊಡಿ, ಮನೆಯ ಮಾತು ಆಮೇಲೆ!

ಬೆಂಗಳೂರಿನಲ್ಲಿ ಬಡವನ ಮನೆ ಕೆಡವುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಜೆಸಿಬಿ, ನಾಲ್ಕು ಜನ ಪೊಲೀಸರು, ಹೆಚ್ಚೆಂದರೆ ಅರ್ಧ ಗಂಟೆ. ಅದೇ ಬಡವನಿಗೆ ಅದೇ ಜಾಗದ ಹಕ್ಕುಪತ್ರ ಕೊಡುವುದಕ್ಕೆ? ನಲವತ್ತು ವರ್ಷ ಸಾಲದು ಸ್ವಾಮಿ! ಅಪ್ಪ ಅರ್ಜಿ ಕೊಟ್ಟು ಸತ್ತ, ಮಗ ಅರ್ಜಿ ಕೊಟ್ಟು ಮುದುಕನಾದ, ಮೊಮ್ಮಗ ಈಗ ಆನ್‌ಲೈನಿನಲ್ಲಿ ಅರ್ಜಿ ಹಾಕುತ್ತಿದ್ದಾನೆ. ಕಡತ ಮಾತ್ರ ಮೇಜಿನಿಂದ ಮೇಜಿಗೆ ತೀರ್ಥಯಾತ್ರೆ ಮಾಡುತ್ತಲೇ ಇದೆ.

ಗೆಳೆಯರೇ, ಈ ಸಂಚಿಕೆಯಲ್ಲಿ ಬೋರ್ಡು, ಬಾವುಟ, ಸಿನಿಮಾಗಳ ಮಾತು ಬೇಡ. ನೆಲದ ಮಾತಾಡೋಣ. ನಾಡು ನಮ್ಮದು ಎಂದು ಮೈಕು ಹಿಡಿದು ಕೂಗುವ ನಾವು, ಈ ನಾಡಿನ ರಾಜಧಾನಿಯಲ್ಲಿ ಇಪ್ಪತ್ತು ಮೂವತ್ತರ ಜಾಗ ಯಾರ ಹೆಸರಿನಲ್ಲಿದೆ ಎಂದು ಎಂದಾದರೂ ಕೇಳಿದ್ದೇವೆಯೆ?

ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾಗದ, ಬಿಲ್ ಪುಸ್ತಕ, ಗಣೇಶನ ಹಬ್ಬದ ರಸೀದಿ ಪುಸ್ತಕ, ಚುನಾವಣೆ ಬಂದರೆ ಕರಪತ್ರ, ಇಷ್ಟೇ ನಮ್ಮ ಸಂಸಾರ. ಆದರೆ ಒಂದು ಮಾತು ಹೇಳುತ್ತೇನೆ, ಊರಿನ ಯಾವ ಮೂಲೆಯಲ್ಲಿ ಯಾರಿಗೆ ವಿಳಾಸ ಇದೆ, ಯಾರಿಗೆ ಇಲ್ಲ ಎಂದು ಪ್ರೆಸ್ಸಿನವನಿಗೆ ಗೊತ್ತಿದ್ದಷ್ಟು ಕಂದಾಯ ಇಲಾಖೆಗೂ ಗೊತ್ತಿರುವುದಿಲ್ಲ. ಬಡಾವಣೆಯವರು ಮದುವೆ ಕಾಗದ ಮಾಡಿಸಲು ಬಂದರೆ ಮನೆ ನಂಬರು, ಅಡ್ಡರಸ್ತೆ, ಮುಖ್ಯರಸ್ತೆ, ಹಂತ, ಪಿನ್‌ಕೋಡು ಎಲ್ಲ ಬರೆದುಕೊಡುತ್ತಾರೆ. ಸ್ಲಮ್ಮಿನವರು ಬಂದರೆ "ನೀರಿನ ಟ್ಯಾಂಕ್ ಹಿಂಭಾಗ", "ಮಾರಮ್ಮನ ಗುಡಿ ಪಕ್ಕ", "ಮೋರಿ ದಂಡೆ". ಇಪ್ಪತ್ತೈದು ವರ್ಷ ಒಂದೇ ಜಾಗದಲ್ಲಿ ಬಾಳಿದ ಸಂಸಾರಕ್ಕೆ ಹಾಕಿಕೊಳ್ಳಲು ಒಂದು ಡೋರ್ ನಂಬರ್ ಇಲ್ಲ. ವೋಟರ್ ಲಿಸ್ಟಿನಲ್ಲಿ ಹೆಸರಿದೆ, ರೇಷನ್ ಕಾರ್ಡಿದೆ, ಆಧಾರ್ ಇದೆ, ಕರೆಂಟ್ ಬಿಲ್ಲೂ ಬರುತ್ತದೆ. ನೆಲದ ಕಾಗದ ಮಾತ್ರ ಇಲ್ಲ. ವೋಟು ಹಾಕುವುದಕ್ಕೆ ಅವನು ಪ್ರಜೆ, ಮಲಗುವುದಕ್ಕೆ ಅವನು ಒತ್ತುವರಿದಾರ!

ಕಾನೂನು ಇಲ್ಲವೆಂದಲ್ಲ. ದೇವರಾಜ ಅರಸರ ಕಾಲದಲ್ಲೇ, 1973ರಲ್ಲೇ, ಕೊಳಚೆ ಪ್ರದೇಶಗಳ ಕಾಯ್ದೆ ಬಂತು. 1975ರಲ್ಲಿ ಅದಕ್ಕೊಂದು ಮಂಡಳಿಯೂ ಆಯಿತು. ಮೊದಲು ಅದರ ಹೆಸರು ಕೊಳಚೆ ನಿರ್ಮೂಲನ ಮಂಡಳಿ. ಈಗ ಕೊಳಗೇರಿ ಅಭಿವೃದ್ಧಿ ಮಂಡಳಿ. ಬೋರ್ಡಿನ ಮೇಲೆ ನಿರ್ಮೂಲನ ಹೋಗಿ ಅಭಿವೃದ್ಧಿ ಬಂತು, ಅಷ್ಟರಮಟ್ಟಿಗೆ ಅಭಿವೃದ್ಧಿ ಆಗಿದೆ ಎನ್ನಬಹುದು.

ಆ ಕಾಯ್ದೆ ಕೆಲಸ ಮಾಡುವ ರೀತಿಯನ್ನು ಪ್ರತಿಯೊಬ್ಬ ಕನ್ನಡದ ಹುಡುಗನೂ ತಿಳಿದುಕೊಳ್ಳಬೇಕು, ಏಕೆಂದರೆ ಮೋಸವೆಲ್ಲ ಅದರ ಮೆಟ್ಟಿಲುಗಳಲ್ಲೇ ಇದೆ. ಮೊದಲು ಮೂರನೇ ಕಲಮಿನ ಕೆಳಗೆ ಆ ಜಾಗವನ್ನು 'ಕೊಳಚೆ ಪ್ರದೇಶ' ಎಂದು ಸರ್ಕಾರ ಘೋಷಿಸಬೇಕು. ಘೋಷಣೆ ಆಗದಿದ್ದರೆ ಕಾಯ್ದೆಯ ಕಣ್ಣಿಗೆ ಆ ಕೇರಿ ಇಲ್ಲವೇ ಇಲ್ಲ, ಅಲ್ಲಿ ಸಾವಿರ ಜನ ಇದ್ದರೂ ಅಷ್ಟೆ. ಘೋಷಣೆ ಆದರೂ ನೆಲ ನಿಮ್ಮದಾಯಿತು ಎಂದು ತಿಳಿಯಬೇಡಿ. ನೆಲ ಯಾರದು? ಪಾಲಿಕೆಯದೋ, ಬಿಡಿಎಯದೋ, ರೈಲ್ವೆಯದೋ, ಮಿಲಿಟರಿಯದೋ, ಖಾಸಗಿಯವರದೋ? ಖಾಸಗಿಯದಾದರೆ ಹದಿನೇಳನೇ ಕಲಮಿನಡಿ ಸ್ವಾಧೀನ ಮಾಡಿಕೊಂಡು ಪರಿಹಾರ ಕೊಡಬೇಕು. ಕೊಡಲು ದುಡ್ಡಿಲ್ಲ ಎನ್ನುತ್ತಾರೆ. ಇನ್ನೊಂದು ಸರ್ಕಾರಿ ಇಲಾಖೆಯದಾದರೆ ಆ ಇಲಾಖೆ ಮಂಡಳಿಗೆ ಹಸ್ತಾಂತರಿಸಬೇಕು. ಒಂದು ಇಲಾಖೆ ಇನ್ನೊಂದಕ್ಕೆ ಪತ್ರ ಬರೆಯುತ್ತದೆ, ಅದು ಮೂರನೆಯದಕ್ಕೆ ಬರೆಯುತ್ತದೆ. ರೈಲ್ವೆ, ರಕ್ಷಣಾ ಇಲಾಖೆಯ ಜಾಗವಾದರೆ ಕೇಳುವುದೇ ಬೇಡ, ಕಡತ ದೆಹಲಿಗೆ ಹೋಗಬೇಕು. ಇದೆಲ್ಲ ಮುಗಿದ ಮೇಲೆ ಸಮೀಕ್ಷೆ, ಬಯೋಮೆಟ್ರಿಕ್, ಫಲಾನುಭವಿ ಪಟ್ಟಿ. ಆಮೇಲೆ ಪರಿಚಯ ಪತ್ರ, ಆಮೇಲೆ ಹಕ್ಕುಪತ್ರ, ಆಮೇಲೆ ನೋಂದಣಿ, ಖಾತೆ. ಪರಿಚಯ ಪತ್ರವನ್ನೇ ಹಕ್ಕುಪತ್ರವೆಂದು ನಂಬಿ ಲ್ಯಾಮಿನೇಶನ್ ಮಾಡಿಸಿ ದೇವರ ಫೋಟೋ ಹಿಂದೆ ಇಟ್ಟುಕೊಂಡಿರುವ ತಾಯಂದಿರು ಎಷ್ಟು ಜನ! ಆ ಕಾಗದವನ್ನು ಬ್ಯಾಂಕಿಗೆ ಕೊಂಡೊಯ್ದರೆ ಮ್ಯಾನೇಜರು ಮುಟ್ಟುವುದೂ ಇಲ್ಲ.

ಮಂಡಳಿಯ ಲೆಕ್ಕದಲ್ಲೇ ಬೆಂಗಳೂರಿನಲ್ಲಿ ಸುಮಾರು 600 ಕೊಳಗೇರಿಗಳಿದ್ದವು, ಅವುಗಳಲ್ಲಿ ಮೂರರಲ್ಲೊಂದು ಪಾಲು ಘೋಷಣೆಯೇ ಆಗಿರಲಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಪಟ್ಟಣಗಳ ಕೊಳಗೇರಿಗಳಲ್ಲಿ ಇದ್ದವರು ಸುಮಾರು 33 ಲಕ್ಷ. ಇಡೀ ದೇಶದಲ್ಲಿ ಆರೂವರೆ ಕೋಟಿ. ಆ ಗಣತಿಯೂ ನೀಲಿ ಟಾರ್ಪಾಲಿನ ಶೆಡ್ಡುಗಳನ್ನೆಲ್ಲ ಎಣಿಸಿತೆಂದು ನಾನು ನಂಬುವುದಿಲ್ಲ.

ಈಗ ನಮ್ಮವರೇ ಕೆಲವರು ಎತ್ತುವ ಮಾತಿಗೆ ಬರೋಣ. "ಸ್ಲಮ್ಮಿನಲ್ಲಿ ಇರುವವರೆಲ್ಲ ಪರಭಾಷಿಕರು ಸಾರ್, ವೋಟ್‌ಬ್ಯಾಂಕಿಗಾಗಿ ತಂದು ಕೂರಿಸಿದವರು, ಅವರ ಪರವಾಗಿ ನಮ್ಮ ಪತ್ರಿಕೆ ಯಾಕೆ ಬರೆಯಬೇಕು?" ಈ ಪ್ರಶ್ನೆ ನನಗೆ ಬಹಳ ಸಲ ಬಂದಿದೆ, ಸಂಘದ ಸಭೆಯಲ್ಲೂ ಬಂದಿದೆ. ಕೇಳಿದವರಿಗೆ ನಾನೊಂದು ಘಟನೆ ನೆನಪಿಸುತ್ತೇನೆ.

2020ರ ಜನವರಿ. ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರ. ಅಲ್ಲಿ ತಗಡಿನ ಶೆಡ್ಡು ಹಾಕಿಕೊಂಡವರೆಲ್ಲ ಬಾಂಗ್ಲಾದೇಶದವರು ಎಂದು ಟಿವಿಯಲ್ಲಿ ಬಂತು, ಮೊಬೈಲಿನಲ್ಲಿ ಹರಿದಾಡಿತು. ಕೆಲವೇ ದಿನಗಳಲ್ಲಿ ಜೆಸಿಬಿ ಬಂತು. ಶೆಡ್ಡುಗಳು ನೆಲಸಮ. ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಮಣ್ಣುಪಾಲು. ಆಮೇಲೆ ಪತ್ರಕರ್ತರು ಹೋಗಿ ಕೇಳಿದರೆ ಅಲ್ಲಿದ್ದವರು ಆಧಾರ್, ವೋಟರ್ ಕಾರ್ಡು ತೆಗೆದು ತೋರಿಸಿದರು. ಅಸ್ಸಾಮಿನವರಿದ್ದರು, ತ್ರಿಪುರದವರಿದ್ದರು. ಅವರ ಜೊತೆಗೇ ನಮ್ಮ ಉತ್ತರ ಕರ್ನಾಟಕದವರೂ ಇದ್ದರು! ಮಳೆ ಕೈಕೊಟ್ಟು, ಸಾಲ ಮೈಮೇಲೆ ಬಂದು, ಗುಳೆ ಎದ್ದು ರಾಜಧಾನಿಗೆ ಬಂದ ಅಚ್ಚ ಕನ್ನಡಿಗರು. ಅವರ ಮಾತಿನ ಧಾಟಿ ಬೆಂಗಳೂರಿಗೆ ಅರ್ಥವಾಗಲಿಲ್ಲ ಎಂದು ಅವರನ್ನೂ ವಿದೇಶಿಯರ ಲೆಕ್ಕಕ್ಕೆ ಸೇರಿಸಿದರು. ಹೈಕೋರ್ಟು ಇದಕ್ಕೆ ತಡೆ ಕೊಟ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ಶೆಡ್ಡು ಹೋಗಿತ್ತು.

ಪರಭಾಷಿಕ ಎಂಬ ಬೆಂಕಿ ಹಚ್ಚಿದರೆ ಅದು ಯಾರ ಗುಡಿಸಲನ್ನು ಮೊದಲು ಸುಡುತ್ತದೆ ನೋಡಿದಿರಾ? ಹೊರಗಿನಿಂದ ಬಂದು ಇಲ್ಲಿ ನೂರಾರು ಎಕರೆ ಹಾಕಿಕೊಂಡವನ ಕಾಂಪೌಂಡಿಗೆ ಆ ಬೆಂಕಿ ತಾಗುವುದಿಲ್ಲ. ಅವನ ಗೇಟಿನಲ್ಲಿ ಸೆಕ್ಯುರಿಟಿ ಇರುತ್ತಾನೆ, ಆ ಸೆಕ್ಯುರಿಟಿ ಬಹುಶಃ ರಾಯಚೂರಿನವನೇ ಇರುತ್ತಾನೆ.

ಇನ್ನೊಂದು ಮಾತು, ಇದನ್ನು ಕಿವಿಗೊಟ್ಟು ಕೇಳಿ. ಬೆಂಗಳೂರಿನಲ್ಲಿ ಸರ್ಕಾರಿ ಕನ್ನಡ ಶಾಲೆಗಳು ಇನ್ನೂ ಬಾಗಿಲು ತೆರೆಯುತ್ತಿದ್ದರೆ ಅದು ಯಾರಿಂದ? ನಿಮ್ಮಿಂದಲ್ಲ, ನನ್ನಿಂದಲೂ ಅಲ್ಲ. ನಮ್ಮ ನಾಯಕರ ಮಕ್ಕಳಿಂದಂತೂ ಖಂಡಿತ ಅಲ್ಲ. ಗಾರೆ ಕೆಲಸದವರ, ಪೌರಕಾರ್ಮಿಕರ, ಮನೆಕೆಲಸದವರ ಮಕ್ಕಳಿಂದ. ಮನೆಯಲ್ಲಿ ತಮಿಳೋ ತೆಲುಗೋ ಉರ್ದುವೋ ಆಡುವ ಮಗು ಆ ಶಾಲೆಯಲ್ಲಿ ಕನ್ನಡದ ಅಕ್ಷರ ತಿದ್ದುತ್ತಿದೆ. ಒಂದು ಕೇರಿಯನ್ನು ಕಿತ್ತು ಹದಿನೈದು ಕಿಲೋಮೀಟರ್ ಆಚೆ ಎಸೆದರೆ ಮಾರನೇ ವರ್ಷ ಆ ಶಾಲೆಯ ಹಾಜರಿ ಪುಸ್ತಕ ಖಾಲಿ. ಮಕ್ಕಳಿಲ್ಲ ಎಂದು ಶಾಲೆ ಮುಚ್ಚುತ್ತಾರೆ. ಆಗ ನಾವು ಹೋಗಿ ಕನ್ನಡ ಶಾಲೆ ಉಳಿಸಿ ಎಂದು ಧರಣಿ ಕೂರುತ್ತೇವೆ! ಮಕ್ಕಳನ್ನು ಲಾರಿಯಲ್ಲಿ ತುಂಬಿ ಸಾಗಿಸಿದ ದಿನ ಎಲ್ಲಿದ್ದಿರಿ?

ಸಾಗಿಸಿದ ಕತೆಗೆ ಈಜಿಪುರ ಸಾಕು. ತೊಂಬತ್ತರ ದಶಕದ ಆರಂಭದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದು ಪಾಲಿಕೆಯೇ ಕಟ್ಟಿದ ಕ್ವಾರ್ಟರ್ಸು, 1,512 ಮನೆ. ಕಟ್ಟಿದ ಗುಣಮಟ್ಟ ಎಂಥದೆಂದರೆ 2003ರಲ್ಲಿ ಒಂದು ಬ್ಲಾಕು ಕುಸಿಯಿತು, 2007ರಲ್ಲಿ ಮತ್ತೆ ಕುಸಿಯಿತು. ಕಟ್ಟಿದ ಕಂಟ್ರಾಕ್ಟರನ ಕಾಲರ್ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಉಳಿದ ಮನೆಗಳನ್ನು ಬೀಳಿಸಿ ಜನರನ್ನು ಅಲ್ಲೇ ತಗಡಿನ ಶೆಡ್ಡಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಕೋರಮಂಗಲ, ನೆಲಕ್ಕೆ ಚಿನ್ನದ ಬೆಲೆ. ಜಾಗದ ಅರ್ಧ ಬಡವರ ಮನೆಗೆ, ಅರ್ಧ ಖಾಸಗಿಯವರ ವಾಣಿಜ್ಯ ಕಟ್ಟಡಕ್ಕೆ ಎಂಬ ಒಪ್ಪಂದವಾಯಿತು. 2013ರ ಜನವರಿಯ ಚಳಿಯಲ್ಲಿ, ನಾಲ್ಕು ದಿನದಲ್ಲಿ, ಸಾವಿರಾರು ಜನರನ್ನು ಬೀದಿಗೆ ತಳ್ಳಿದರು. ಬಾಣಂತಿಯರು, ಮುದುಕಿಯರು, ಪರೀಕ್ಷೆಗೆ ಓದುವ ಮಕ್ಕಳು ವಾರಗಟ್ಟಲೆ ಫುಟ್‌ಪಾತಿನಲ್ಲಿ ಮಲಗಿದರು. ಕೆಲವರನ್ನು ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಗೆ ಕಳಿಸಿದರು. ಕೋರಮಂಗಲದ ನಾಲ್ಕು ಮನೆಯಲ್ಲಿ ಪಾತ್ರೆ ತೊಳೆದು ಸಂಸಾರ ಸಾಗಿಸುತ್ತಿದ್ದ ಹೆಂಗಸು ಸೂಲಿಕುಂಟೆಯಿಂದ ಬೆಳಗ್ಗೆ ಆರಕ್ಕೆ ಹೇಗೆ ಬರಬೇಕು? ಬಸ್ಸು ಯಾವುದು? ಚಾರ್ಜು ಎಷ್ಟು? ಒಬ್ಬ ಅಧಿಕಾರಿಯೂ ಈ ಲೆಕ್ಕ ಹಾಕಲಿಲ್ಲ.

ಸರ್ಕಾರದ ವಾದ ಏನಿತ್ತು ಗೊತ್ತೆ? "ಇವರು ಮೂಲ ಹಂಚಿಕೆದಾರರಲ್ಲ, ಬಾಡಿಗೆಯವರು, ಕೊಂಡುಕೊಂಡವರು." ಇರಬಹುದು. ಮೂಲ ಹಂಚಿಕೆದಾರ ಕಷ್ಟಕ್ಕೆ ಮಾರಿಕೊಂಡು ಹೋಗಿರುತ್ತಾನೆ, ಇವನು ಕಾಗದವಿಲ್ಲದೆ ದುಡ್ಡು ಕೊಟ್ಟು ಕೊಂಡಿರುತ್ತಾನೆ. ಆದರೆ ಬಾಡಿಗೆಯವನು ಬಡವನಲ್ಲವೆ? ಕೊಳಗೇರಿಯ ಎಲ್ಲ ಯೋಜನೆಗಳಲ್ಲೂ ಹೀಗೆಯೇ. ಶೆಡ್ಡಿನ ಮಾಲೀಕನಿಗೆ ಏನಾದರೂ ಸಿಕ್ಕೀತು, ಆ ಶೆಡ್ಡಿನ ಅರ್ಧದಲ್ಲಿ ತಿಂಗಳ ಬಾಡಿಗೆ ಕೊಟ್ಟು ಇದ್ದವನಿಗೆ ಬೀದಿಯೇ ಗತಿ. ಪಟ್ಟಿ ಮಾಡುವಾಗ ಬಾಡಿಗೆದಾರನ ಹೆಸರೂ ಬರೆಯಬೇಕು ಎಂದು ಒತ್ತಾಯಿಸುವವರು ಸ್ಲಂ ಸಂಘಟನೆಗಳಲ್ಲೂ ಕಡಿಮೆ, ಅಲ್ಲಿನ ಮುಖಂಡರಿಗೇ ಎರಡು ಮೂರು ಶೆಡ್ಡುಗಳಿರುತ್ತವೆ. ಈ ಮಾತು ಕೆಲವರಿಗೆ ಕಹಿಯಾಗುತ್ತದೆ. ಆಗಲಿ.

ಇನ್ನು 'ಅಕ್ರಮ' ಎಂಬ ಪದ. ಈ ಪದ ಬಡವನಿಗೊಂದು ಅರ್ಥ, ಉಳ್ಳವನಿಗೆ ಇನ್ನೊಂದು ಅರ್ಥ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿಯ ಒತ್ತುವರಿ ಪತ್ತೆಗೆ ಎ.ಟಿ. ರಾಮಸ್ವಾಮಿಯವರ ಜಂಟಿ ಸದನ ಸಮಿತಿ 2007ರಲ್ಲಿ ವರದಿ ಕೊಟ್ಟಿತು: 27 ಸಾವಿರಕ್ಕೂ ಹೆಚ್ಚು ಎಕರೆ ಒತ್ತುವರಿ! ಆಮೇಲೆ ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆ ರಾಜ್ಯದ ಲೆಕ್ಕ ಹಾಕಿ ಸುಮಾರು 11 ಲಕ್ಷ ಎಕರೆ ಎಂದಿತು. ಈ ನೆಲವನ್ನೆಲ್ಲ ನುಂಗಿದವರು ಗುಡಿಸಲಿನವರೇ? ಹತ್ತಡಿ ಹನ್ನೆರಡಡಿ ಶೆಡ್ಡು ಎಷ್ಟು ಲಕ್ಷ ಹಾಕಿದರೆ ಅಷ್ಟು ಸಾವಿರ ಎಕರೆ ಆಗುತ್ತದೆ, ನೀವೇ ಗುಣಿಸಿ ನೋಡಿ. ಪಿಯುಸಿ ಓದಿದ ನನಗೇ ಲೆಕ್ಕ ತಿಳಿಯುತ್ತದೆ, ಐಎಎಸ್ ಓದಿದವರಿಗೆ ತಿಳಿಯದೆ?

ಮಹಡಿ ಮೇಲೆ ಮಹಡಿ ಏರಿಸಿದವರಿಗೆ, ಸೆಟ್‌ಬ್ಯಾಕ್ ನುಂಗಿದವರಿಗೆ ಅಕ್ರಮ-ಸಕ್ರಮ ಎಂದು ಕಾನೂನನ್ನೇ ತಿದ್ದಿದರು. ಮನೆಯಾದರೆ ಐವತ್ತು ಪರ್ಸೆಂಟ್ ಉಲ್ಲಂಘನೆಯವರೆಗೂ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಿ ಎಂದರು. 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿದ್ದಕ್ಕೆ ಅದು ನಿಂತಿತು. 2025ರಲ್ಲಿ ಬಿ ಖಾತಾ ನಿವೇಶನಗಳನ್ನು ಎ ಖಾತಾ ಮಾಡಿಕೊಡುವ ಯೋಜನೆ ಬಂತು. ಬರಲಿ, ಸಾಲಸೋಲ ಮಾಡಿ ರೆವಿನ್ಯೂ ಸೈಟು ಕೊಂಡ ನಮ್ಮ ಮಧ್ಯಮ ವರ್ಗದವರಿಗೆ ಅನುಕೂಲವಾದರೆ ಸಂತೋಷವೇ. ಅವರ ಮೇಲೆ ಜೆಸಿಬಿ ಹರಿದಾಗಲೂ, 2016ರ ಆಗಸ್ಟಿನಲ್ಲಿ ರಾಜಕಾಲುವೆ ನೆಪದಲ್ಲಿ ಅವನಿ ಶೃಂಗೇರಿನಗರದ ಮನೆಗಳು ಉರುಳಿದಾಗಲೂ, ಹೊಟ್ಟೆ ಉರಿದಿತ್ತು. ನನ್ನ ಪ್ರಶ್ನೆ ಇಷ್ಟೆ: ಖಾತಾ ಬದಲಾಯಿಸಲು ಸರ್ಕಾರಕ್ಕೆ ಬರುವ ಉತ್ಸಾಹ, ಹಕ್ಕುಪತ್ರ ಕೊಡುವಾಗ ಎಲ್ಲಿ ಹೋಗುತ್ತದೆ?

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 1974ರಲ್ಲಿ ಇದೇ ಕರ್ನಾಟಕ ಉಳುವವನೇ ಹೊಲದೊಡೆಯ ಎಂದಿತು. ದಾಖಲೆಯಿಲ್ಲದ ಹಟ್ಟಿ, ತಾಂಡಾಗಳನ್ನು ಕಂದಾಯ ಗ್ರಾಮ ಮಾಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಜನವರಿಯಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ತಾಂಡಾಗಳವರಿಗೆ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರು. ಚುನಾವಣೆ ಹತ್ತಿರವಿತ್ತು ಎನ್ನುತ್ತೀರಿ. ಹೌದು, ಇತ್ತು. ಆದರೂ ಕಾಗದ ಕೈಗೆ ಬಂತಲ್ಲ! ಹಾಗಾದರೆ ಆ ತಾಂಡಾದಿಂದಲೇ ಗುಳೆ ಬಂದು ಬೆಂಗಳೂರಿನ ಮೋರಿ ದಂಡೆಯಲ್ಲಿ ಕೂತವನ ಮಗ ಏನು ಪಾಪ ಮಾಡಿದ? ಪಟ್ಟಣದ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳಿಗೂ 94-ಸಿಸಿ ಎಂಬ ಕಲಮು ಅದೇ ಕಾಯ್ದೆಯಲ್ಲೇ ಇದೆ. ಇದೆ ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ, ಗೊತ್ತಿದ್ದವರ ಅರ್ಜಿಯೂ ತಾಲ್ಲೂಕು ಕಚೇರಿಯಲ್ಲಿ ಧೂಳು ತಿನ್ನುತ್ತದೆ.

ಒಡಿಶಾ ನೋಡಿ. ನಮಗಿಂತ ಬಡ ರಾಜ್ಯ ಎಂದು ನಾವು ಮೂಗು ಮುರಿಯುವ ರಾಜ್ಯ. 2017ರಲ್ಲಿ ಕೊಳಗೇರಿ ನಿವಾಸಿಗಳ ಭೂಹಕ್ಕಿಗೆಂದೇ ಪ್ರತ್ಯೇಕ ಕಾನೂನು ಮಾಡಿತು. ಡ್ರೋನ್ ಹಾರಿಸಿ ಕೇರಿ ಕೇರಿಯ ನಕ್ಷೆ ತೆಗೆದರು, ಅಲ್ಲಿನ ಜನರನ್ನೇ ಕೂರಿಸಿಕೊಂಡು ಯಾರ ಮನೆ ಎಲ್ಲಿಂದ ಎಲ್ಲಿಗೆ ಎಂದು ಗೆರೆ ಎಳೆದರು. ಸಣ್ಣ ಪಟ್ಟಣಗಳಲ್ಲಿ ಕಡುಬಡವರಿಗೆ 30 ಚದರ ಮೀಟರ್‌ವರೆಗೆ ಉಚಿತವಾಗಿ ಕೊಟ್ಟರು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ. ಮಕ್ಕಳಿಗೆ ಬರುತ್ತದೆ, ಬ್ಯಾಂಕಿನಲ್ಲಿ ಅಡವಿಟ್ಟು ಮನೆ ಸಾಲ ತೆಗೆಯಬಹುದು, ಆದರೆ ಮಾರುವಂತಿಲ್ಲ. ಇದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಮಾರುವ ಹಕ್ಕನ್ನು ಮೊದಲ ದಿನವೇ ಕೊಟ್ಟರೆ ಮಾರನೆಯ ದಿನ ಬೆಳಗ್ಗೆ ರಿಯಲ್ ಎಸ್ಟೇಟ್ ಪುಢಾರಿ ಬ್ಯಾಗು ಹಿಡಿದು ಕೇರಿಯ ಬಾಯಲ್ಲಿ ನಿಂತಿರುತ್ತಾನೆ. ಮಗಳ ಮದುವೆ, ಆಸ್ಪತ್ರೆ ಖರ್ಚು ಎಂದು ಒಂದೊಂದೇ ಮನೆ ಕೈಬಿಡುತ್ತದೆ.

ನಮ್ಮಲ್ಲಿ ನೆಲದ ಮಾತೆತ್ತಿದರೆ ಫ್ಲ್ಯಾಟ್ ತೋರಿಸುತ್ತಾರೆ. ನೆಲ ಬಿಡು, ಮೂರನೇ ಮಹಡಿಯಲ್ಲಿ ಮನೆ ತಗೋ ಎನ್ನುತ್ತಾರೆ. ಇಸ್ತ್ರಿ ಗಾಡಿಯವನು ಗಾಡಿಯನ್ನು ಮೂರನೇ ಮಹಡಿಗೆ ಹೊತ್ತೊಯ್ಯಬೇಕೆ? ಕುರಿ ಕೋಳಿ ಸಾಕುವವಳು, ಹಪ್ಪಳ ಒಣಗಿಸುವವಳು, ಗುಜರಿ ಆಯ್ದು ಬೇರ್ಪಡಿಸುವವನು ಎಲ್ಲಿಗೆ ಹೋಗಬೇಕು? ಬಡವನಿಗೆ ಮನೆ ಎಂದರೆ ಮಲಗುವ ಜಾಗ ಮಾತ್ರವಲ್ಲ, ದುಡಿಯುವ ಜಾಗ. ಅದೂ ಅಲ್ಲದೆ ಪ್ರಧಾನ ಮಂತ್ರಿ ಆವಾಸ್ ಯೋಜನೆ 2015ರಲ್ಲಿ ಬಂದಾಗ 2022ರೊಳಗೆ ಎಲ್ಲರಿಗೂ ಸೂರು ಎಂದರು. ಅದರಲ್ಲಿ ತಾನೇ ಮನೆ ಕಟ್ಟಿಕೊಳ್ಳುವವನಿಗೆ ಕೇಂದ್ರ ಒಂದೂವರೆ ಲಕ್ಷ ಕೊಡುತ್ತಿತ್ತು. ಎರಡನೇ ಹಂತ 2024ರಲ್ಲಿ ಬಂತು. ಆದರೆ ಷರತ್ತು? ನೆಲದ ದಾಖಲೆ ತನ್ನಿ! ಹಕ್ಕುಪತ್ರ ಇಲ್ಲದವನಿಗೆ ಮನೆ ದುಡ್ಡಿಲ್ಲ, ಮನೆ ದುಡ್ಡು ಬೇಕಾಗಿರುವುದೇ ಹಕ್ಕುಪತ್ರ ಇಲ್ಲದವನಿಗೆ. ಇದಕ್ಕೇ ಈ ಲೇಖನದ ತಲೆಬರಹ.

ಮನೆಗಳ ಕೊರತೆ ಎಂದು ಅಳುವವರಿಗೂ ಒಂದು ಮಾತು. ಕೇಂದ್ರದ ತಾಂತ್ರಿಕ ಸಮಿತಿ 2012ರಲ್ಲಿ ದೇಶದ ಪಟ್ಟಣಗಳಲ್ಲಿ 1 ಕೋಟಿ 88 ಲಕ್ಷ ಮನೆಗಳ ಕೊರತೆ ಎಂದಿತು. ಅದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಬಡವರದು, ಕಡಿಮೆ ಆದಾಯದವರದು. ಅದೇ ಹೊತ್ತಿನ, 2011ರ, ಜನಗಣತಿಯಲ್ಲಿ ಪಟ್ಟಣಗಳಲ್ಲಿ ಬೀಗ ಹಾಕಿ ಖಾಲಿ ಬಿದ್ದಿದ್ದ ಮನೆಗಳು 1 ಕೋಟಿ 10 ಲಕ್ಷದ ಮೇಲೆ. ಇಟ್ಟಿಗೆ ಸಿಮೆಂಟಿಗೆ ಕೊರತೆ ಇಲ್ಲ ಗೆಳೆಯರೇ.

ಕೋರ್ಟು ಕಾಪಾಡುತ್ತದೆಯೆ? 1985ರಲ್ಲಿ ಮುಂಬಯಿಯ ಫುಟ್‌ಪಾತ್ ವಾಸಿಗಳ ಕೇಸಿನಲ್ಲಿ, ಓಲ್ಗಾ ಟೆಲಿಸ್ ಕೇಸಿನಲ್ಲಿ, ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟು ದೊಡ್ಡ ಮಾತು ಹೇಳಿತು. ಆದರೆ ಅದೇ ತೀರ್ಪಿನಲ್ಲಿ ಮಳೆಗಾಲ ಮುಗಿದ ಮೇಲೆ ತೆರವು ಮಾಡಬಹುದು ಎಂದೂ ಹೇಳಿತು. 2024ರ ನವೆಂಬರ್ 13ರಂದು ಬುಲ್ಡೋಜರ್ ಕೇಸಿನಲ್ಲಿ ಹದಿನೈದು ದಿನದ ನೋಟಿಸ್ ಕೊಡದೆ, ಅಹವಾಲು ಕೇಳದೆ ಕೆಡವಬಾರದು ಎಂದಿತು. ಒಳ್ಳೆಯದು. ಆದರೆ ರಸ್ತೆ, ಫುಟ್‌ಪಾತು, ರೈಲು ಹಳಿ ಪಕ್ಕ, ನದಿ ಕೆರೆ ದಂಡೆಯ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆ ಇಲ್ಲ. ಬಡವ ಇನ್ನೆಲ್ಲಿದ್ದಾನೆ? ಅಲ್ಲೇ ತಾನೆ ಇರುವುದು!

ನೋಟಿಸಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಪ್ರೆಸ್ಸಿಗೆ ಜೆರಾಕ್ಸ್ ಮಾಡಿಸಲು ಬರುವವರು ಕೈಯಲ್ಲಿ ತರುವ ಎಷ್ಟೋ ತೆರವು ನೋಟಿಸುಗಳು ಇಂಗ್ಲಿಷಿನಲ್ಲಿ. "ಇದರಾಗ ಏನ್ ಬರದಾರ್ರಿ ಸರ, ಸ್ವಲ್ಪ ಓದಿ ಹೇಳ್ರಿ" ಎಂದು ಒಬ್ಬ ಹೆಂಗಸು ನಿಂತಿದ್ದಳು. ಓದಿದರೆ ಗಡುವು ಹಿಂದಿನ ದಿನವೇ ಮುಗಿದಿತ್ತು. 1963ರಿಂದ ಈ ರಾಜ್ಯದಲ್ಲಿ ರಾಜಭಾಷಾ ಕಾಯ್ದೆ ಇದೆ. ಸಂಪಿಗೆ ರಸ್ತೆಯ ಬೋರ್ಡಿಗೆ ಮಸಿ ಬಳಿಯುವ ಹುಡುಗರು ಈ ನೋಟಿಸು ಕೊಟ್ಟ ಕಚೇರಿಯ ಮುಂದೆ ಯಾಕೆ ಕೂರಬಾರದು? ಕನ್ನಡದಲ್ಲಿ ಬರೆಯದ, ಕೇರಿಯಲ್ಲಿ ಓದಿ ಹೇಳದ ನೋಟಿಸು ನೋಟಿಸೇ ಅಲ್ಲ ಎಂಬುದು ನಮ್ಮ ಮೊದಲ ಬೇಡಿಕೆಯಾಗಲಿ. ಫ್ಲ್ಯಾಟಿನ ಕರಾರುಪತ್ರಕ್ಕೂ ಇದೇ ಮಾತು.

ಉಳಿದದ್ದು ಕೂತು ಮಾಡುವ ಕೆಲಸ, ಕೂಗಿದರೆ ಆಗುವುದಿಲ್ಲ. ನಿಮ್ಮ ವಾರ್ಡಿನ ಕೇರಿ ಘೋಷಣೆ ಆಗಿದೆಯೆ ಇಲ್ಲವೆ, ನೆಲ ಯಾವ ಇಲಾಖೆಯದು, ಸಮೀಕ್ಷೆ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆ, ಬಾಡಿಗೆಯವರ ಹೆಸರು ಇದೆಯೆ, ಇಷ್ಟನ್ನು ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಬಡತನ ರೇಖೆಯ ಕೆಳಗಿನವರೇ ಅರ್ಜಿ ಹಾಕಿದರೆ ಆ ಹತ್ತು ರೂಪಾಯಿಯೂ ಇಲ್ಲ, ಆದ್ದರಿಂದ ಕೇರಿಯವರ ಸಹಿಯಲ್ಲೇ ಹಾಕಿಸಿ. ಕೇರಿಯ ಹಳೆಯ ರೇಷನ್ ಕಾರ್ಡು, ಹಳೆಯ ವೋಟರ್ ಪಟ್ಟಿ, ಶಾಲೆಯ ವರ್ಗಾವಣೆ ಪತ್ರ, ಕರೆಂಟ್ ಬಿಲ್ಲು ಎಲ್ಲ ಜೆರಾಕ್ಸ್ ಮಾಡಿಸಿ ಒಂದು ಕಡೆ ಫೈಲು ಮಾಡಿ. ಜೆಸಿಬಿ ಬಂದ ದಿನ ಹುಡುಕಲು ಹೋದರೆ ಅವು ಮಣ್ಣಿನಡಿ ಇರುತ್ತವೆ.

94-ಸಿಸಿ ಮತ್ತು ಮಾಹಿತಿ ಹಕ್ಕು ಅರ್ಜಿಗಳ ಕನ್ನಡ ನಮೂನೆ ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗಿದೆ. ಬೇಕಾದಷ್ಟು ಕಟ್ಟು ಒಯ್ಯಿರಿ, ದುಡ್ಡು ಬೇಡ. ಭಾನುವಾರ ಬೆಳಗ್ಗೆ ಎಂಟರ ಮೇಲೆ ಮೆಷಿನ್ ನಿಂತಿರುತ್ತದೆ, ತುಂಬುವುದು ಹೇಗೆಂದು ಕೂತು ತೋರಿಸುತ್ತೇನೆ. ಬರುವಾಗ ಕೇರಿಯವರನ್ನೂ ಇಬ್ಬರು ಮೂವರನ್ನು ಕರೆತನ್ನಿ, ಅವರಿಗೆ ಗೊತ್ತಿರುವ ಸರ್ವೆ ನಂಬರು ನಮಗೆ ಗೊತ್ತಿರುವುದಿಲ್ಲ.